ರಕ್ತಕ್ಕೊಂದು ತಡೆಯಾಜ್ಞೆ

ನೆಲದ ಮೇಲೆ ಕೂರುವುದು ಯಾವ ವಯಸ್ಸಿನಲ್ಲೂ ಕಷ್ಟವಲ್ಲ. ಭೂಮಿಯೇ ಕರೆದು ಕೂರಿಸಿಕೊಳ್ಳುತ್ತದೆ. ಏಳುವ ಮಾತೆತ್ತಿದಾಗಲೇ ಅದರ ತಕರಾರು ಶುರು. ಕಲಬುರಗಿಯ ಕೋರ್ಟಿನಲ್ಲಿ ಶಿರಸ್ತೇದಾರನಾಗಿ, ನ್ಯಾಯಾಧೀಶರು ಒಳಬಂದಾಗಲೆಲ್ಲ ಸ್ಪ್ರಿಂಗಿನಂತೆ ಎದ್ದು ನಿಂತು ನೌಕರಿ ಮುಗಿಸಿದವನು ನಾನು. ಅಂಥವನು ಹೈದರಾಬಾದಿನ ಕೊಂಡಾಪುರದಲ್ಲಿ, ಮಗನ ಗೃಹಪ್ರವೇಶದ ದಿನ ಜಮಖಾನೆಯಿಂದ ಏಳಲಾರದೆ ಪಕ್ಕದಲ್ಲಿದ್ದ ಬೀಗರ ಹೆಗಲು ಹಿಡಿಯಬೇಕಾಯಿತು. ಬೀಗರೆಂದರೆ ಸೊಸೆಯ ತಂದೆ ಗುಂಡೇರಾಯರು; ನನಗಿಂತ ಎರಡು ವರ್ಷ ದೊಡ್ಡವರು ಬೇರೆ. ಅಂದಿನಿಂದ ಯಾವ ಪಂಕ್ತಿಯಲ್ಲಿ ಸಿಕ್ಕರೂ ಅವರದು ಒಂದೇ ಮಾತು: "ಅವತ್ತು ನಮ್ಮ ಹೆಗಲು ಇರ್ಲಿಲ್ಲಂದ್ರ ಬೀಗರು ಇನ್ನೂ ಅಲ್ಲೇ ಕುಂತಿರ್ತಿದ್ರು ನೋಡ್ರಿ."

ಹೀಗಿರುವಾಗ ಮಗ ಶ್ರಾವಣದಲ್ಲಿ ಸತ್ಯನಾರಾಯಣ ಪೂಜೆ ಎಂದ. ಎರಡು ತಿಂಗಳಿತ್ತು. ಬೀಗರ ಎದುರು ಯಾರನ್ನೂ ಹಿಡಿಯದೆ ಎದ್ದು ನಿಲ್ಲಬೇಕು, ಮಿಕ್ಕ ಪುಣ್ಯವೆಲ್ಲ ಪೂಜೆಗೆ ಕೂತ ದಂಪತಿಗಳಿಗೇ ಇರಲಿ ಎಂದು ಮನಸ್ಸಿನಲ್ಲೇ ಸಂಕಲ್ಪ ಮಾಡಿದೆ.

ಮಗ ಗೊತ್ತುಮಾಡಿದ ಫಿಸಿಯೋಥೆರಪಿಸ್ಟ್ ಹುಬ್ಬಳ್ಳಿಯ ಹೆಣ್ಣುಮಗಳು. ಬಿಪಿ ನೋಡಿ, ಎರಡೂ ತೊಡೆಗಳ ಮೇಲ್ಭಾಗಕ್ಕೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. "ರಕ್ತ ಸ್ವಲ್ಪ ತಡೀತೀವ್ರಿ ಕಾಕಾ. ಆಮ್ಯಾಲೆ ಸಾವಕಾಶ ನಡದ್ರೂ ಸ್ನಾಯುಕ್ಕ ಭಾಳ ಕೆಲಸ ಮಾಡಾಕತ್ತೀನಿ ಅನಸ್ತೈತಿ. ಗಟ್ಟಿ ಆಗ್ತೈತಿ."

"ಪೂರ್ತಿ ತಡೀತೀಯೇನವಾ?"

"ಇಲ್ರಿ, ಅರ್ಧಂಬರ್ಧ. ನಡದಾದ ಮ್ಯಾಲೆ ಬಿಚ್ಚಿಬಿಡೂದು."

ನನಗೆ ಕೂಡಲೇ ತಿಳಿಯಿತು: ಮಧ್ಯಂತರ ತಡೆಯಾಜ್ಞೆ. ಸಾವಕಾಶವಾಗಿ ನಡೆದಾಡುತ್ತ ಭಾರೀ ಕೆಲಸ ಮಾಡುತ್ತಿದ್ದೇವೆಂದು ನಂಬಿದವರನ್ನು ನಮ್ಮ ಕಚೇರಿಯಲ್ಲೂ ಕಂಡಿದ್ದೆ; ಅವರೂ ಗಟ್ಟಿಯಾಗಿಯೇ ಇದ್ದರು.

ಪೈಜಾಮದ ಮೇಲೆ ಪಟ್ಟಿ ಬಿಗಿದು, ಗಡಿಯಾರ ನೋಡುತ್ತ ಬರುತ್ತಿದ್ದ ಅವಳ ಜೊತೆ ಅಪಾರ್ಟ್‌ಮೆಂಟಿನ ಉದ್ಯಾನದಲ್ಲಿ ಹೆಜ್ಜೆ ಹಾಕಿದ ಮೊದಲ ದಿನವೇ ವಾಚ್‌ಮನ್ ಓಡಿಬಂದ. "ಸಾರ್, ಪಾಮು ಕರಿಚಿಂದಾ?" ತೊಡೆಗೆ ಕಟ್ಟು ಬಿಗಿದವನಿಗೆ ಹಾವೇ ಕಚ್ಚಿರಬೇಕೆಂಬುದು ಅವನ ತರ್ಕ. ನಾನು ವಿಜ್ಞಾನ ವಿವರಿಸುತ್ತಿದ್ದರೆ ಅವನು ಕೋಲು ಹಿಡಿದು ದಾಸವಾಳದ ಗಿಡಗಳನ್ನು ಬಡಿಯುತ್ತಿದ್ದ. ವಾರವಿಡೀ ಅತ್ತ ಯಾರೂ ಇಳಿಯಲಿಲ್ಲ. ಸುಖವಾಗಿ ನಡೆದೆ.

ಅಂತೂ ಪೂಜೆಯ ಹಿಂದಿನ ದಿನ, ಕೋಣೆಯ ಬಾಗಿಲು ಹಾಕಿಕೊಂಡು, ಕೈಯೂರದೆ ನೆಲದಿಂದ ಎದ್ದೆ. ಒಂದೇ ಸಲ. ನನಗೆ ಬೇಕಾಗಿದ್ದೂ ಒಂದೇ ಸಲ.

"ಕುರ್ಚಿ ತರಸ್ಲೇನ್ರಿ ಬೀಗರ?" ಎಂದು ಮರುದಿನ ಗುಂಡೇರಾಯರು ಕರುಣೆಯಿಂದ ಕೇಳಿದರು. "ಬ್ಯಾಡ್ರಿ" ಎಂದು ಅವರ ಪಕ್ಕದಲ್ಲೇ ಜಮಖಾನೆಯ ಮೇಲೆ ಕುಳಿತೆ. ಕಥೆ ಮುಗಿಯಿತು. ಗಂಟೆ ಮೊಳಗಿತು. ಮಂಗಳಾರತಿ ಎಂದುಕೊಂಡು, ನಾನು ಕಂಡ ನ್ಯಾಯಾಧೀಶರನ್ನೆಲ್ಲ ನೆನೆದು, ಎದ್ದೆ. ಯಾರನ್ನೂ ಹಿಡಿಯಲಿಲ್ಲ. ಧ್ವಜಸ್ತಂಭದಂತೆ ನಿಂತು ಬೀಗರ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿದ್ದರು. ಗಂಟೆ ಬಾರಿಸುತ್ತಿದ್ದ ಪುರೋಹಿತರೂ ಸೇರಿ ಎಲ್ಲರೂ ಕಣ್ಣು ಮುಚ್ಚಿದ್ದರು. ಅದು ನೈವೇದ್ಯದ ಗಂಟೆ.

ಅಪಚಾರವಾಯಿತೆಂಬ ಗಾಬರಿಗೆ ದಬ್ಬನೆ ಕುಳಿತುಬಿಟ್ಟೆ. ಆ ಸದ್ದಿಗೇ ಎಲ್ಲರೂ ಕಣ್ಣು ತೆರೆದದ್ದು.

"ಬಿದ್ರೇನ್ರಿ ಬೀಗರ?" ಎಂದರು ಗುಂಡೇರಾಯರು.

ನಿಜವಾದ ಮಂಗಳಾರತಿಗೆ ನನ್ನ ಕಾಲುಗಳು ಹಾಜರಾಗಲಿಲ್ಲ. ಮತ್ತೆ ಅದೇ ಹೆಗಲು. ಊಟದ ಪಂಕ್ತಿಯಲ್ಲಿ ಬೀಗರು ಕಥೆಗೆ ಎರಡನೆಯ ಅಧ್ಯಾಯ ಸೇರಿಸಿದರು: "ಕುಂತಲ್ಲೇ ಬಿದ್ದವರನ್ನ ನಾ ನೋಡಿದ್ದು ಇದೇ ಮೊದ್ಲು."

ಎದ್ದಿದ್ದೆ ಎಂದು ಹೆಂಡತಿಗಾದರೂ ಹೇಳಿದೆ. "ಯಾರು ನೋಡ್ಯಾರ?" ಎಂದಳು. ಸಾಕ್ಷಿಯಿಲ್ಲದೆ ವಜಾ ಆದ ದಾವೆಗಳಿಗೆ ನಾನೇ ಎಷ್ಟು ಠಸ್ಸೆ ಒತ್ತಿಲ್ಲ. ನೋಡಿದ್ದರೆ ಸತ್ಯನಾರಾಯಣನೊಬ್ಬನೇ ನೋಡಿರಬೇಕು. ಅವನೂ ಆ ಹೊತ್ತಿಗೆ ಊಟಕ್ಕೆ ಕೂತಿದ್ದ.