ನಮ್ಮಣ್ಣನ ಬೆವರು

ನಮ್ಮಣ್ಣ ಮನೆಗೆ ಬಂದರೆ ಕಾಲಿಂಗ್ ಬೆಲ್ ಒತ್ತುವ ಅಗತ್ಯವೇ ಬೀಳುವುದಿಲ್ಲ. ಅವನು ಗೇಟು ತೆಗೆಯುವಷ್ಟರಲ್ಲಿ ನನ್ನ ಗಂಡ ಪೇಪರಿನಿಂದ ತಲೆ ಎತ್ತಿ, "ನಿಮ್ಮಣ್ಣ ಬಂದ್ರು ನೋಡು," ಅನ್ನುತ್ತಾರೆ. ಒಡಹುಟ್ಟಿದವನ ಬಗ್ಗೆ ಹೀಗೆಲ್ಲ ಬರೆಯಬಹುದಾ ಅಂತ ಮೂಗು ಮುರಿಯಬೇಡಿ. ಮುರಿಯುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವನ ಜೊತೆ ಬಾಳಿದ ನಮಗೆ! ಅಲ್ಲದೆ ಇದನ್ನೆಲ್ಲ ನನಗಿಂತ ಜೋರಾಗಿ ಅವನೇ ಹೇಳಿಕೊಂಡು ತಿರುಗುತ್ತಾನೆ.

ಅವನಿಗೆ ಬೆವರು ಬರುತ್ತದೆ ಅನ್ನುವುದು ಸರಿಯಲ್ಲ. ಅವನು ಸೋರುತ್ತಾನೆ. ಡಿಸೆಂಬರಿನ ಬೆಳಗ್ಗೆ ನಾವೆಲ್ಲ ಸ್ವೆಟರ್ ಹಾಕಿಕೊಂಡು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರೆ, ಇವನು ಬನಿಯನ್ನಿನಲ್ಲಿ ಫ್ಯಾನ್ ಕೆಳಗೆ ನಿಂತು "ಏನು ಸೆಕೆ ಮಾರಾಯ್ತಿ!" ಅನ್ನುತ್ತಾನೆ. ಅವನ ಕೈ ಕುಲುಕಿದವರು ಆಮೇಲೆ ಕರ್ಚೀಫು ಹುಡುಕಬೇಕು. ಇನ್ನು ವಾಸನೆ... ಅದನ್ನು ವರ್ಣಿಸುವ ಶಕ್ತಿ ನನಗಿಲ್ಲ, ಓದುವ ಶಕ್ತಿ ನಿಮಗೂ ಇರಲಿಕ್ಕಿಲ್ಲ.

ವಿಚಿತ್ರ ಅಂದರೆ, ಕೆಲಸದಲ್ಲಿ ಇರುವಷ್ಟು ಕಾಲ ಇದು ಅವನಿಗೇ ಗೊತ್ತಿರಲಿಲ್ಲ! ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಅವನ ಕೆಲಸ. ಅಲ್ಲಿ ಎಲ್ಲರೂ ಒದ್ದೆ, ಎಲ್ಲರದೂ ಒಂದೇ ವಾಸನೆ. ಯಾರದು ಎಷ್ಟು ಅಂತ ಪಾಲು ಮಾಡುವವರು ಯಾರು? ರಿಟೈರ್ ಆಗಿ ಅಲ್ಲೇ ಓಲ್ಡ್ ಟೌನಿನ ಮನೆಯಲ್ಲಿ ತಣ್ಣಗೆ ಕೂತ ಮೇಲೂ ಅಂಗಿ ಒದ್ದೆಯಾಗುವುದು ನಿಲ್ಲಲಿಲ್ಲ. "ಇಷ್ಟು ವರ್ಷ ಕುಲುಮೆಗೆ ಬೈದೆ ಕಣೇ. ಪಾಪ, ಅದರದ್ದೇನೂ ತಪ್ಪಿರ್ಲಿಲ್ಲ," ಅಂದ.

ಅಲ್ಲಿಂದ ಶುರುವಾಯಿತು ನೋಡಿ ಔಷಧಿಗಳ ಕಾಟ. ಯಾರು ಏನು ಹೇಳಿದರೂ ಸೈ. ಸ್ನಾನದ ನೀರಿಗೆ ಪಟಿಕ ಹಾಕಿದ. ಲಾವಂಚದ ಬೇರನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ. ಕಂಕುಳಿಗೆ ನಿಂಬೆಹಣ್ಣು ಉಜ್ಜುವುದು ಎಷ್ಟಾಯಿತೆಂದರೆ, ಚಿತ್ರಾನ್ನಕ್ಕೆ ಬೇಕಾದ ಹಣ್ಣನ್ನು ಅತ್ತಿಗೆ ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಿದ್ದರು. ಕೊನೆಗೆ ನಾನೇ ಸಾಕಾಗಿ ಒಂದು ಮಲ್ಲಿಗೆ ಸೆಂಟಿನ ಡಬ್ಬ ತಂದುಕೊಟ್ಟೆ. ಅರ್ಧ ಡಬ್ಬ ಹೊಡೆದುಕೊಂಡು ಹೊರಗೆ ಬಂದ. ದೇವರೇ! ಮಲ್ಲಿಗೆ ತೋಟಕ್ಕೆ ಗೊಬ್ಬರದ ಲಾರಿ ಮಗುಚಿದ ಹಾಗೆ. ಮಲ್ಲಿಗೆಯೂ ಇತ್ತು, ಗೊಬ್ಬರವೂ ಇತ್ತು, ಒಂದಕ್ಕೊಂದು ಸೋಲಲಿಲ್ಲ.

ಶಿವಮೊಗ್ಗದಲ್ಲಿ ನಮ್ಮನೆ ಕಡೆಯ ಆಲ್ಕೊಳ ಸರ್ಕಲ್ ಹತ್ತಿರದ ಡಾಕ್ಟರ ಬಳಿಗೂ ಎಳೆದುಕೊಂಡು ಹೋದೆ. ಅವರು ಒಳ್ಳೆಯವರು, ಮುಖ ಸಿಂಡರಿಸಲಿಲ್ಲ. ರಕ್ತ ಪರೀಕ್ಷೆ ಎಲ್ಲ ಮಾಡಿಸಿ, "ಕಾಯಿಲೆ ಏನಿಲ್ಲ, ಮೈಗುಣ. ಹಚ್ಚೋಕೆ ಲೋಷನ್ ಬರೀತೀನಿ. ಆದ್ರೆ ಟೆನ್ಷನ್ ಬಿಡ್ಬೇಕು. ಟೆನ್ಷನ್ನಿಗೆ ಬೆವರು ಜಾಸ್ತಿ," ಅಂದರು.

"ಬೆವರು ಬಂದ್ರೆ ಏನ್ ಗತಿ ಅನ್ನೋದೊಂದೇ ನನ್ನ ಟೆನ್ಷನ್ನು ಡಾಕ್ಟ್ರೇ," ಅಂದ ಇವನು.

ಡಾಕ್ಟರು ಪೆನ್ನಿನ ಕ್ಯಾಪ್ ಹಾಕಿ ಚೀಟಿಯನ್ನು ಅವನ ಬದಲು ನನ್ನ ಕೈಗೆ ಕೊಟ್ಟರು. ಲೋಷನ್ನಿನಿಂದ ವಾಸನೆ ಸ್ವಲ್ಪ ಕಮ್ಮಿಯೇ ಆಯಿತು. ಆದರೆ ಅದನ್ನು ಅವನು ನಂಬಬೇಕಲ್ಲ!

ನಂಬದವನು ಬಸ್ಸಿನಲ್ಲಿ ಕೂರುವುದನ್ನೇ ಬಿಟ್ಟ. ಭದ್ರಾವತಿಯಿಂದ ಶಿವಮೊಗ್ಗದವರೆಗೂ ಬಾಗಿಲ ಹತ್ತಿರ ಗಾಳಿಗೆ ನಿಂತೇ ಬರುತ್ತಾನೆ. ಒಂದು ಸಲ ನಾನೂ ಜೊತೆಗಿದ್ದೆ. ಕಂಡಕ್ಟರು, "ಯಜಮಾನ್ರೇ, ಒಳಗೆ ಸೀಟ್ ಖಾಲಿ ಇದೆ, ಬನ್ನಿ," ಅಂತ ಕರೆದರು.

"ಬೇಡಪ್ಪ, ನಾನು ಬಂದ್ರೆ ಇನ್ನೂ ಖಾಲಿಯಾಗುತ್ತೆ!"

ಬಸ್ಸೆಲ್ಲ ನಕ್ಕಿತು. ಅವನೂ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ತಾನೇ ಮೊದಲು ತಮಾಷೆ ಮಾಡಿಬಿಟ್ಟರೆ ಬೇರೆಯವರು ಮಾಡುವುದಿಲ್ಲ ಅಂತ ಅವನ ಲೆಕ್ಕಾಚಾರ. ತಂಗಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಈ ಬೇಸಿಗೆಯಲ್ಲಿ ಅವನ ಒಬ್ಬಳೇ ಮಗಳು ಹೆರಿಗೆಗೆ ತವರಿಗೆ ಬಂದಳು. ಗಂಡು ಮಗು. ಆಸ್ಪತ್ರೆಯಿಂದ ಮಗು ಮನೆಗೆ ಬಂದ ದಿನವೇ ನಮ್ಮಣ್ಣ ಚೀಲದ ತುಂಬ ಬನಿಯನ್ನು ತುಂಬಿಕೊಂಡು ವಿನೋಬನಗರದ ನಮ್ಮನೆಗೆ ಹಾಜರ್!

"ಎಳೇ ಮಗು ಕಣೇ. ಬಾಣಂತಿ ಕೋಣೆ. ಅಲ್ಲಿ ನನ್ನ ವಾಸನೆ ಯಾಕೆ? ಬೀಗರು ಬೇರೆ ಬಂದು ಹೋಗ್ತಿರ್ತಾರೆ. ಬಾಣಂತನ ಮುಗಿಯೋವರೆಗೂ ಇಲ್ಲೇ ಇರ್ತೀನಿ."

"ಅಲ್ಲ ಮಾರಾಯ, ನಮ್ದೇನು ಮೂಗಲ್ವಾ?"

"ನಿಂಗೆ ಇಷ್ಟು ವರ್ಷದಿಂದ ಅಭ್ಯಾಸ ಆಗಿದೆ," ಅಂದವನೇ ಸ್ನಾನಕ್ಕೆ ಹೋದ.

ಆಮೇಲೆ ನಮ್ಮನೆ ಮನೆಯಾಗಿ ಉಳಿಯಲಿಲ್ಲ. ಟ್ಯಾಂಕಿನ ನೀರು ಮಧ್ಯಾಹ್ನಕ್ಕೇ ಖಾಲಿ. ತಂತಿಯ ತುಂಬ ಬನಿಯನ್ನು. ನಾವು ಹೊಸ ವ್ಯಾಪಾರ ಶುರು ಮಾಡಿದ್ದೇವೆ ಅಂತ ಎದುರು ಮನೆಯವರು ರೇಟು ಕೇಳಿದರು. ಫ್ಯಾನು ಅವನದು, ಕಿಟಕಿಯ ಪಕ್ಕದ ಕುರ್ಚಿ ಅವನದು, ಆ ಕುರ್ಚಿಗೆ ಹಾಸುವ ಟವೆಲ್ಲುಗಳನ್ನು ಒಗೆಯುವ ಕೆಲಸ ನನ್ನದು. ಗದರಿದರೆ ಮುಖ ಸಣ್ಣಗೆ ಮಾಡುತ್ತಾನೆ, ಸುಮ್ಮನಿದ್ದರೆ ನನಗೆ ತಲೆನೋವು.

ಸಂಜೆ ಅತ್ತಿಗೆ ವಿಡಿಯೋ ಕಾಲ್ ಮಾಡಿ ಮಗುವನ್ನು ತೋರಿಸುತ್ತಿದ್ದರು. ಅದಕ್ಕೆ ಮುಂಚೆ ಇವನದು ಇನ್ನೊಂದು ಸ್ನಾನ! ಲೋಷನ್ನು, ಪೌಡರು, ಇಸ್ತ್ರಿ ಅಂಗಿ. ಅಷ್ಟಾದರೂ ಫೋನನ್ನು ಕೈ ಚಾಚಿ ದೂರ ಹಿಡಿಯುವುದು.

"ಅಣ್ಣಾ, ಫೋನಲ್ಲಿ ವಾಸನೆ ಹೋಗಲ್ಲ!"

"ಯಾರಿಗ್ ಗೊತ್ತು? ದಿನಕ್ಕೊಂದು ಹೊಸ ಫೋನ್ ಬರ್ತಿದೆ."

ಕಾಲ್ ಮುಗಿದ ಮೇಲೂ ಕಪ್ಪಾದ ಫೋನಿನ ಪರದೆ ನೋಡುತ್ತಾ ಕೂತಿರುತ್ತಿದ್ದ. "ಮೂಗು ನಂದೇ ಬಂದಿದೆ ಅಲ್ವೇನೇ? ಬೆವರೊಂದು ಬರದಿದ್ರೆ ಸಾಕು," ಅನ್ನುತ್ತಿದ್ದ. ಮೊಮ್ಮಗ ಹುಟ್ಟಿ ಇಷ್ಟು ದಿನವಾದರೂ ಅಣ್ಣ ಅವನನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ ಅನ್ನುವುದು ನೆನಪಾಗಿ ನನಗೆ ಸಂಕಟವಾಗುತ್ತಿತ್ತು.

ಆದರೆ ನಾಮಕರಣಕ್ಕೆ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ನಮ್ಮ ಮನೆತನದಲ್ಲಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವನು ತಾಯಿಯ ಕಡೆಯ ಅಜ್ಜ. ಕಿವಿಯಲ್ಲಿ ಹೇಳುವುದು ಅಂದರೆ ಎತ್ತಿಕೊಳ್ಳಬೇಕು, ಕೆನ್ನೆಗೆ ಕೆನ್ನೆ ತಾಗಬೇಕು. ಅವನು ಊರು ಬಿಟ್ಟು ಓಡಿ ಬಂದಿದ್ದೇ ಅದಕ್ಕೆ ಹೆದರಿ! ಹಿಂದಿನ ದಿನವೆಲ್ಲ ಯೋಚಿಸಿ ಒಂದು ಉಪಾಯ ಹುಡುಕಿದ. ನನ್ನ ಫೋನಿನಲ್ಲಿ ಹೆಸರನ್ನು ರೆಕಾರ್ಡ್ ಮಾಡಿ, "ನೀನು ಹೋಗಿ ಮಗು ಕಿವಿ ಹತ್ರ ಹಿಡಿ. ಧ್ವನಿ ನಂದೇ ಅಲ್ವಾ?" ಅಂದ. ವಾದ ಮಾಡುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಓಲ್ಡ್ ಟೌನಿನ ಮನೆಯ ತುಂಬ ಜನ. ಅಣ್ಣ ಹೊಸಿಲ ಆಚೆ, ಚಪ್ಪಲಿಗಳ ಪಕ್ಕ ನಿಂತ. ಪುರೋಹಿತರು "ಅಜ್ಜ ಬರ್ಬೇಕು," ಅಂದಾಗ ನಾನು ಫೋನು ಹಿಡಿದು ಮುಂದೆ ಹೋದೆ.

"ಇದೇನಮ್ಮಾ?"

"ಅಜ್ಜ."

"ಆನ್‌ಲೈನ್ ಪೂಜೆ ನಾನೂ ಮಾಡ್ಸಿದೀನಿ ತಾಯಿ. ಆದ್ರೆ ಅಜ್ಜ ಬಾಗಿಲಲ್ಲೇ ನಿಂತಿದ್ದಾರಲ್ಲ!"

ಜನ ನಕ್ಕರು. ಅಣ್ಣನ ಮಗಳು ನಗಲಿಲ್ಲ. ಮಗುವನ್ನು ಎತ್ತಿಕೊಂಡು ಎದ್ದವಳು ಸೀದಾ ಹೊಸಿಲ ಹತ್ತಿರ ಹೋದಳು.

"ಅಪ್ಪಾ, ನೀನು ಷಿಫ್ಟ್ ಮುಗಿಸಿ ಬಂದ ಕೂಡ್ಲೇ ನಾನು ಓಡಿಬಂದು ನಿನ್ನ ಎದೆ ಮೇಲೆ ಮಲಗ್ತಿದ್ದೆ. ಆವಾಗ ಸ್ನಾನ ಮಾಡಿರ್ತಿದ್ಯಾ?"

"ಎಲ್ಲಿ? ನೀನು ಬಿಡ್ತಾನೇ ಇರ್ಲಿಲ್ಲ," ಅಂದ ಅಣ್ಣ, ನೆಲ ನೋಡುತ್ತಾ.

"ಆ ವಾಸನೆ ಬಂದ್ರೇನೇ ನಂಗೆ ನಿದ್ದೆ ಬರ್ತಿದ್ದಿದ್ದು. ಅಪ್ಪ ಮನೆಗೆ ಬಂದ ಅಂತ ಧೈರ್ಯ. ನನ್ ಮಗನಿಗೆ ಮಾತ್ರ ಯಾಕೆ ಅದನ್ನ ಕೊಡಲ್ಲ ಅಂತೀಯ?"

ಉತ್ತರಕ್ಕೆ ಕಾಯದೆ ಮಗುವನ್ನು ಅವನ ಕೈಗಿಟ್ಟಳು. ಅಣ್ಣನ ಹಣೆಯಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಒಂದು ಹನಿ ಮಗುವಿನ ಕೆನ್ನೆಯ ಮೇಲೆ ಬಿತ್ತು. ಮಗು ಕಣ್ಣು ಮಿಟುಕಿಸಿತು, ಒಮ್ಮೆ ಆಕಳಿಸಿತು, ಅವನ ಒದ್ದೆ ಅಂಗಿಗೆ ಮುಖ ಒತ್ತಿಕೊಂಡಿತು.

"ಹೆಸರು ಹೇಳಿ," ಅಂದರು ಪುರೋಹಿತರು.

ಅಣ್ಣ ಮಗುವಿನ ಕಿವಿಗೆ ಬಗ್ಗಿದ. ನಾನು ಪಕ್ಕದಲ್ಲೇ ಇದ್ದೆ, ನನಗೆ ಕೇಳಿಸಿತು. ಹೆಸರು ಅವನಿಗೆ ಮರೆತೇ ಹೋಗಿತ್ತು.

"ನಾನು ಕಣೋ, ನಿಮ್ಮಜ್ಜ," ಅಂದ. "ಸ್ವಲ್ಪ ಬೆವರ್ತೀನಿ. ತಪ್ಪು ತಿಳ್ಕೋಬೇಡ ಕಂದಾ."