ವಾಸು ಭಾವ ತುಂಬಿಸಲು ಹೊರಟ ಪ್ರೋಟೀನು

ಹೃದಯಕ್ಕೆ ಹಾಡುಗಳಿವೆ, ಹೊಟ್ಟೆಗೆ ಹಬ್ಬಗಳಿವೆ. ಪಾಪ, ಮೂತ್ರಪಿಂಡಕ್ಕೆ ಏನೂ ಇಲ್ಲ. ನಾಲ್ಕು ಜನರ ಮುಂದೆ ಅದರ ಹೆಸರೆತ್ತುವುದಕ್ಕೂ ನಮಗೆ ಸಂಕೋಚ. ನಾನೂ ಅರುವತ್ತು ದಾಟುವ ತನಕ ಅದನ್ನು ವಿಚಾರಿಸಿಕೊಂಡವನಲ್ಲ. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಯ ಸಂಡಾಸಿನಲ್ಲಿ ದಿನಾ ಬೆಳಿಗ್ಗೆ ನೊರೆ ಏಳುವುದನ್ನು ಕಂಡಾಗ, ಹೆಂಡತಿ ತಂದ ಹೊಸ ಕ್ಲೀನರ್ ಬಾಟಲಿಯನ್ನು ಬಾಯ್ತುಂಬ ಹೊಗಳಿದೆ. "ಅದು ಮುಗಿದು ವಾರ ಆಯ್ತಲ್ಲ," ಎಂದಳು ಅವಳು. ಹಾಗೆ ನನ್ನ ಮೂತ್ರ ಪರೀಕ್ಷೆ ಆಯಿತು. ಹಳೆಯ ಸಕ್ಕರೆ ಕಾಯಿಲೆ ಮೂತ್ರಪಿಂಡದ ತನಕ ಬಂದಿದೆ, ಪ್ರೋಟೀನು ಸೋರುತ್ತಿದೆ ಎಂದು ಗೊತ್ತಾಯಿತು. ಠಾಣೆ ನಗರದ ಕಿಡ್ನಿ ಡಾಕ್ಟರನ್ನು ಕಾಣಲು ಇನ್ನೂ ಕೆಲವು ವಾರ ಕಾಯಬೇಕಿತ್ತು.

"ಮೂರು ಹೊತ್ತು ನಾನು ಬಡಿಸಿದ್ದೆಲ್ಲ ಹೀಗೆ ಹರಿದು ಹೋಗ್ತಾ ಉಂಟಾ?" ಎಂದು ಹೆಂಡತಿ ನನ್ನನ್ನು ಕಳ್ಳನಂತೆ ನೋಡಿ, ಅಣ್ಣನಿಗೆ ಫೋನು ಮಾಡಿದಳು. ಅವಳ ಅಣ್ಣ ವಾಸು ಭಾವ ಉಡುಪಿಯ ಕಡೆಯವರು, ಪಕ್ಕದ ಠಾಕುರ್ಲಿಯಲ್ಲಿ ಹೋಟೆಲು ನಡೆಸುತ್ತಾರೆ. ಇನ್ನೊಂದು ಸೌಟು ಬಡಿಸಿದರೆ ಸರಿಹೋಗದ ಕಷ್ಟ ಲೋಕದಲ್ಲಿಲ್ಲ ಎಂಬುದು ಅವರ ನಂಬಿಕೆ. ಹಿಂದೊಮ್ಮೆ ನಾನು ಬಡ್ತಿಯ ಪರೀಕ್ಷೆಯಲ್ಲಿ ಫೇಲಾದಾಗ ಅವರು ಕಳಿಸಿದಷ್ಟು ಕೇಸರಿಬಾತು ಪಾಸಾದವರಿಗೂ ಸಿಕ್ಕಿರಲಾರದು.

ಮರುದಿನವೇ ಕ್ಯಾರಿಯರ್ ಹಿಡಿದು ಬಂದರು. ಕಡಲೆ ಉಸ್ಲಿ, ಗಟ್ಟಿ ತೊವ್ವೆ, ಮೇಲೊಂದು ಡಬ್ಬಿ ಪನೀರು.

"ಸೋರಿದ್ದನ್ನು ತುಂಬಿಸ್ಬೇಕಲ್ಲ ಭಾವಯ್ಯಾ! ನಿಮ್ಮ ಬಿಲ್ಡಿಂಗಿನ ಟಾಂಕಿ ಸೋರಿದ್ರೆ ಟ್ಯಾಂಕರ್ ತರಿಸೋದಿಲ್ವಾ?"

ನಮ್ಮ ಸೊಸೈಟಿ ವರ್ಷಗಳಿಂದ ಮಾಡುತ್ತಿರುವುದು ಅದನ್ನೇ ಆದ್ದರಿಂದ ನನಗೂ ಸರಿ ಎನಿಸಿತು. ದಿನವೂ ಕ್ಯಾರಿಯರ್ ಬಂತು. ಬೇಡವೆಂದರೆ ಅವರ ಮನಸ್ಸಿಗೆ ನೋವಾದೀತು ಎಂಬ ಒಂದೇ ಕಾರಣಕ್ಕೆ ನಾನು ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದೆ. ಪಾದ ಊದಿ ಚಪ್ಪಲಿ ಬಿಗಿಯಾದಾಗ, ಮೈ ತುಂಬಿಕೊಳ್ಳುತ್ತಿದೆ ಎಂದು ಭಾವ, ನಾನು ಇಬ್ಬರೂ ಸಂತೋಷಪಟ್ಟೆವು.

ಡಾಕ್ಟರನ್ನು ಕಾಣುವ ದಿನ ಭಾವ ಗಲ್ಲಾ ಬಿಟ್ಟು ಜೊತೆಗೆ ಬಂದರು. ಡಾಕ್ಟರು ನಮ್ಮ ಮಗಳ ವಯಸ್ಸಿನ ಮರಾಠಿ ಹುಡುಗಿ. "ಕಾಕಾ, ಒಳಗೆ ಲಕ್ಷಗಟ್ಟಲೆ ಪುಟ್ಟ ಜರಡಿಗಳಿವೆ. ದಿನವಿಡೀ ರಕ್ತ ಸೋಸಿ ಕೊಳೆಯನ್ನು ಹೊರಗೆ ಕಳಿಸುತ್ತವೆ, ಪ್ರೋಟೀನನ್ನು ಒಳಗೇ ಉಳಿಸಿಕೊಳ್ಳುತ್ತವೆ. ಸಕ್ಕರೆಯಿಂದ ಆ ಜರಡಿಯ ಕಣ್ಣು ದೊಡ್ಡದಾಗಿದೆ," ಎಂದರು. ನಾನು ಬೆರಗಾಗಿ ಕೂತೆ. ಇಷ್ಟು ವರ್ಷ ಒಂದು ಚಮಚವೂ ಕಳೆಯದಂತೆ ರಾಶಿ ರಾಶಿ ಪಾತ್ರೆ ತೊಳೆದವರು ನನ್ನ ಬೆನ್ನ ಹಿಂದೆಯೇ ಇದ್ದರು, ನಾನು ಒಂದು ದಿನವೂ ಚಹಾ ಆಯಿತೇ ಎಂದು ಕೇಳಲಿಲ್ಲ!

ಆ ಕೃತಜ್ಞತೆಯಲ್ಲಿ ಉಸ್ಲಿ, ಪನೀರುಗಳ ಸುದ್ದಿಯನ್ನೂ ಹೇಳಿಬಿಟ್ಟೆ. ಡಾಕ್ಟರು ಪೆನ್ನು ಕೆಳಗಿಟ್ಟರು. "ದಣಿದ ಜರಡಿಯ ಮೇಲೆ ಇನ್ನಷ್ಟು ಸುರಿಯುತ್ತೀರಾ? ಈಗ ಎಚ್ಚರವಾದರೆ ಸೋರುವುದನ್ನು ಕಡಿಮೆ ಮಾಡಬಹುದು. ಇಲ್ಲವೆಂದರೆ ಮುಂದೆ ಡಯಾಲಿಸಿಸ್. ಯಾರು ಹೇಳಿದ್ದು ನಿಮಗೆ?"

ಫೋನಿನಲ್ಲಿ ಓದಿದೆ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಭಾವ ಎದ್ದು ನಿಂತು, "ಮೈನೇ ಬೋಲಾ, ಮ್ಯಾಡಮ್," ಎಂದು ತಪ್ಪನ್ನು ಒಪ್ಪಿಕೊಂಡರು.

ವಾಪಸು ಲೋಕಲ್ ರೈಲಿನಲ್ಲಿ ದಿವಾ ಸ್ಟೇಷನ್ ದಾಟುವ ತನಕ ಅವರು ನನ್ನ ರಿಪೋರ್ಟನ್ನೇ ತಿರುವಿ ತಿರುವಿ ನೋಡುತ್ತಿದ್ದರು. ಆಮೇಲೆ, "ನಿಮ್ಮನ್ನು ಕೊಲ್ಲಲಿಕ್ಕೆ ಹೊರಟಿದ್ದೆ ಅಲ್ವಾ ಭಾವಯ್ಯಾ?" ಎಂದರು.

"ಇಷ್ಟು ರುಚಿಯಾಗಿ ಯಾರು ಕೊಲ್ತಾರೆ ಭಾವ?" ಎಂದೆ. ಅವರು ನಗಲಿಲ್ಲ.

ಮರುದಿನದಿಂದ ಕ್ಯಾರಿಯರ್ ಸಣ್ಣದಾಯಿತು. ಡಾಕ್ಟರು ಹೇಳಿದಷ್ಟೇ ಬೇಳೆ, ಹೆಸರಿಗೆ ಉಪ್ಪು. ಅದನ್ನೇ ಅವರೂ ನನ್ನೆದುರು ಕೂತು ತಿಂದರು. "ನಾಲಿಗೆಗೆ ಹೇಗಾಗ್ತದೆ ಅಂತ ಗೊತ್ತಾಗದೆ ಮಾಡೋದು ಹೇಗೆ?" ಎಂದು ದಿನಕ್ಕೊಂದು ಒಗ್ಗರಣೆ ಬದಲಿಸಿದರು. ಒಮ್ಮೆ ಠಾಕುರ್ಲಿಯಲ್ಲಿ ಏನೋ ಕೆಲಸವಿದೆಯೆಂದು ಹೊರಟು, ಭಾವ ಇಲ್ಲದ ಹೊತ್ತು ನೋಡಿ ಅವರ ಹೋಟೆಲಿಗೆ ನುಗ್ಗಿದೆ. ಬರೀ ಇಡ್ಲಿ ತಂದಿಟ್ಟ ಸಪ್ಲಾಯರ್, "ನಿಮ್ಗೆ ಸಾಂಬಾರಿಲ್ಲಣ್ಣ, ಧನಿಗಳ ಆರ್ಡರು," ಎಂದ.

ಮುಂದಿನ ರಿಪೋರ್ಟಿನಲ್ಲಿ ಸೋರುವುದು ಅರ್ಧಕ್ಕಿಳಿದಿತ್ತು. "ಛಾನ್, ಕಾಕಾ! ಮಾತ್ರೆ ನಾನು ಕೊಟ್ಟೆ, ಸರಿ. ಆದರೆ ಬಾಯಿ ಕಟ್ಟುವುದು ಎಷ್ಟು ಕಷ್ಟ! ಹೊರಗೆ ಕೂತವರಿಗೂ ಸ್ವಲ್ಪ ಹೇಳಿ," ಎಂದರು ಡಾಕ್ಟರು.

ಹೊರಗಿನ ಬೆಂಚಿನಲ್ಲಿದ್ದವರಿಗೆ ನಾಲಿಗೆಯನ್ನು ಗೆಲ್ಲುವ ಬಗ್ಗೆ ನಾನು ಸಾಕಷ್ಟು ಹೊತ್ತು ಮಾತಾಡಿದೆ. ವಾಸು ಭಾವ ನನ್ನ ಚೀಲ ಹಿಡಿದು ಪಕ್ಕದಲ್ಲಿ ನಿಂತು, ಪ್ರತಿ ಮಾತಿಗೂ ಹೌದೆಂದು ತಲೆಯಾಡಿಸುತ್ತಿದ್ದರು.