ನುಂಗದ ಮಾತ್ರೆ, ನುಂಗಿದ ಮಾತು

"ಇನ್ಮೇಲೆ ಈ ಮನೇಲಿ ಹಳೇ ಔಷಧಿ ಅನ್ನೋ ಹೆಸರೇ ಇರಕೂಡದು" ಎಂದು ಆ ಭಾನುವಾರ ಬೆಳಿಗ್ಗೆ ನಾನು ಘೋಷಿಸಿದಾಗ, ಲೋಕೋದ್ಧಾರಕ್ಕೆ ಟೊಂಕ ಕಟ್ಟಿ ನಿಂತವನ ಗತ್ತು ನನ್ನ ದನಿಯಲ್ಲಿತ್ತು. ನೆಲ, ಜಲ, ಮುಂದಿನ ಪೀಳಿಗೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಸೇರಿಸಿದೆ. ಹೆಂಡತಿ ಪತ್ರಿಕೆಯಿಂದ ತಲೆಯೆತ್ತಿ, "ಒಳ್ಳೇದು ರೀ, ಮಾಡಿ" ಎಂದಳು. ಅಷ್ಟೇ!

ನಮ್ಮನ್ನು ಬಲ್ಲವರು ಇಷ್ಟಕ್ಕೇ ಗಾಬರಿಯಾಗುತ್ತಾರೆ. ನನ್ನ ಘೋಷಣೆಗಳನ್ನು ಮೂರು ಪದದಲ್ಲಿ ಬಿಟ್ಟುಕೊಡುವ ಹೆಂಗಸಲ್ಲ ಅವಳು. ಲೈಬ್ರರಿಯನ್. ದಿನವಿಡೀ 'ನಿಶ್ಶಬ್ದ' ಎಂಬ ಫಲಕದ ಕೆಳಗೆ ಕೂತು ಅದುಮಿಟ್ಟುಕೊಂಡ ಮಾತನ್ನೆಲ್ಲ ಸಂಜೆ ಮನೆಗೆ ಬಂದು ನನ್ನ ಮೇಲೆ ಸುರಿಯುವುದು ಮದುವೆಯಾದಾಗಿನಿಂದ ನಡೆದುಬಂದ ಕ್ರಮ. ಅಂಥವಳು ಆರು ತಿಂಗಳಿಂದ ಬೆಣ್ಣೆಯಂತೆ ಮಾತಾಡುತ್ತಿದ್ದಳು. ಅದರ ಹಿಂದಿನ ಗುಟ್ಟನ್ನು ಹೇಳಿಯೇಬಿಡುತ್ತೇನೆ. ಹೇಗೂ ಮಾನ ಹೋಗಿದೆ, ಇನ್ನು ಹೋಗುವುದಕ್ಕೆ ಏನೂ ಉಳಿದಿಲ್ಲ.

ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಬ್ರೇಕ್ ಎಂದರೆ ಆಕ್ಸಿಲರೇಟರ್ ತುಳಿಯುವವರ ಪಕ್ಕದಲ್ಲಿ ದಿನಕ್ಕೆ ಎಂಟು ಗಂಟೆ ಕೂರುವವನಿಗೆ ಬಿಪಿ ಬರದೆ ಇನ್ನೇನು ಬರುತ್ತದೆ? ಬಂತು. ಆ ಭಾನುವಾರಕ್ಕೆ ಏಳು ತಿಂಗಳ ಹಿಂದೆ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು, ಬದುಕಿರುವವರೆಗೆ. ನಲವತ್ತೆಂಟಕ್ಕೇ ನಾನು ಮಾತ್ರೆ ಮುದುಕನೇ? ಓಡಿ ಓಡಿಯೇ ಇಳಿಸುತ್ತೇನೆ ಎಂದು ಅವತ್ತೇ ಹೊಸ ಶೂ ಕೊಂಡೆ. ಮೂರು ದಿನ ಓಡಿದೆ. ನಾಲ್ಕನೇ ದಿನ ಮಂಡಿ ಮುಷ್ಕರ ಹೂಡಿತು. ಹೆಂಡತಿ ತಿಂಗಳು ತಿಂಗಳೂ ಡಾಕ್ಟರ ಕ್ಲಿನಿಕ್ಕಿನ ಅಂಗಡಿಯಿಂದ ತಂದುಕೊಡುತ್ತಿದ್ದ ಮಾತ್ರೆಗಳು ಒಂದೂ ತಪ್ಪದಂತೆ ಶೂ ಡಬ್ಬ ಸೇರಿದವು, ಡಬ್ಬ ಬೀರುವಿನ ಮೇಲೇರಿತು. ಬೆಳಿಗ್ಗೆ ಅವಳ ಕಣ್ಣಿಗೆ ಬೀಳುವ ಹಾಗೆ ಒಂದು ಪೆಪ್ಪರ್‌ಮಿಂಟ್ ಬಾಯಿಗೆಸೆದುಕೊಂಡು ಒಂದು ಲೋಟ ನೀರು ಕುಡಿಯುತ್ತಿದ್ದೆ.

ಪೆಪ್ಪರ್‌ಮಿಂಟಿಗೆ ಬಿಪಿ ಇಳಿಯುತ್ತದೆಯೇ? ತಿಂಗಳು ಕಳೆದು ಹೋದಾಗ ಡಾಕ್ಟರು ಕೇಳಿದರು, "ಮಾತ್ರೆ ತಪ್ಪದೆ ತಗೋತಿದೀರಾ?"

"ಒಂದು ದಿನಾನೂ ಬಿಟ್ಟಿಲ್ಲ ಡಾಕ್ಟ್ರೇ."

ಅವರು ಗಲ್ಲ ಕೆರೆದುಕೊಂಡು, ಇನ್ನೂ ಜೋರಿನ ಮಾತ್ರೆ ಬರೆದು, ಹೆಂಡತಿಯನ್ನು ಒಳಗೆ ಕರೆಸಿದರು. "ಮಾತ್ರೆ ಇವರಿಗೆ ನಾಟ್ತಾ ಇಲ್ಲಮ್ಮ. ಮನಸ್ಸಿಗೆ ಬೇಜಾರಾಗದ ಹಾಗೆ ನೋಡ್ಕೊಳ್ಳಿ. ಬಿಪಿ ಇಳಿಯೋ ತನಕ ಎದುರು ಮಾತಾಡೋದು, ರೇಗೋದು ಏನೂ ಬೇಡ."

ಅಂದಿನಿಂದ ನಮ್ಮ ಮನೆಯೂ ಲೈಬ್ರರಿಯಾಯಿತು. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಸಾಕಿದರೆ ತುಟಿ ಕಚ್ಚಿ ಎತ್ತಿಡುತ್ತಿದ್ದಳು. ಅವಳ ಹುಟ್ಟುಹಬ್ಬವನ್ನೇ ಮರೆತೆ. "ಪರವಾಗಿಲ್ಲ ರೀ, ಮುಂದಿನ ವರ್ಷನೂ ಬರುತ್ತೆ" ಎಂದಳು. ನಾನು ಮಾತ್ರೆ ನುಂಗಲಿಲ್ಲ, ಅವಳು ಮಾತು ನುಂಗಿದಳು. ಸಂಸಾರದಲ್ಲಿ ಇದಕ್ಕಿಂತ ಸುಖದ ಒಪ್ಪಂದ ಇನ್ನೊಂದಿರಲಾರದು ಎಂದುಕೊಂಡು ಮೆರೆದೆ.

ಅಷ್ಟರಲ್ಲಿ ಅವಳು, "ಮುಂದಿನ ಭಾನುವಾರ ಬೀರು ಮೇಲೆಲ್ಲ ಧೂಳು ಹೊಡೀಬೇಕು" ಎಂದಳು. ಆ ಡಬ್ಬ ಅವಳ ಕೈಗೆ ಸಿಕ್ಕಿದ ದಿನವೇ ನನ್ನ ರಾಮರಾಜ್ಯ ಮುಗಿದಂತೆ! ಲೋಕೋದ್ಧಾರದ ಘೋಷಣೆ ಹುಟ್ಟಿದ್ದು ಹಾಗೆ.

ಮೊದಲು ಟಾಯ್ಲೆಟ್ಟಿಗೆ ಸುರಿದು ಫ್ಲಶ್ ಮಾಡೋಣವೆಂದು ಹೋದೆ. ಕೈಯಲ್ಲಿ ನೆಪಕ್ಕೊಂದು ಹಳೇ ಕೆಮ್ಮಿನ ಸಿರಪ್, ಜೇಬಿನಲ್ಲಿ ಅಸಲಿ ಮಾಲು. ಹೆಂಡತಿ ಬಾಗಿಲ ಬಳಿ ಬಂದು ನಿಂತಳು.

"ಅದರೊಳಗೆ ಹಾಕ್ಬೇಡಿ ರೀ. ನೀರಿಗೆ ಸೇರಿ ಮೀನುಗಳಿಗೆ ತೊಂದರೆಯಾಗುತ್ತಂತೆ."

"ಯಾಕೆ, ಮೀನುಗಳಿಗೆ ಕೆಮ್ಮು ಬರಲ್ವಾ?"

ಮೊದಲಾಗಿದ್ದರೆ ಈ ಮಾತಿಗೆ ಅರ್ಧ ಗಂಟೆಯ ಉತ್ತರವಿತ್ತು. ಅವಳು ಸುಮ್ಮನೆ ನಕ್ಕಳು. ಹಾಗಾದರೆ ಕಸದ ಬುಟ್ಟಿಗೆ ಹಾಕುತ್ತೇನೆ ಎಂದೆ. ಅದೂ ಬೇಡವಂತೆ; ಬೀದಿ ನಾಯಿಯೋ ಪುಟ್ಟ ಮಗುವೋ ಬಾಯಿಗೆ ಹಾಕಿಕೊಂಡರೆ ಗತಿಯೇನು? ಮರುದಿನ ಲೈಬ್ರರಿಯಿಂದ ಒಂದು ಕರಪತ್ರ ತಂದುಕೊಟ್ಟಳು. "ಔಷಧಿ ಅಂಗಡಿಯವರೇ ವಾಪಸ್ ತಗೋತಾರಂತೆ ರೀ. ಬೀಗ ಹಾಕಿದ ಪೆಟ್ಟಿಗೆ ಇಟ್ಟಿದಾರೆ. ಚೀಟಿ ಮೇಲಿರೋ ನಮ್ಮ ಹೆಸರು ಅಳಿಸಿ ಕೊಡಬೇಕಂತೆ, ಅಷ್ಟೇ."

ಹಾಲು ಕುಡಿದಷ್ಟು ಸಂತೋಷವಾಯಿತು. ಸಾಕ್ಷ್ಯ ನಾಶ ಮಾಡಿ ಎಂದು ಕರಪತ್ರವೇ ಹೇಳುತ್ತಿದೆ! ಕಾರಿನಲ್ಲಿ ಕೂತು, ಕಾರಿನ ಕೀಲಿಯಿಂದಲೇ, ಇಪ್ಪತ್ತೊಂದು ಸ್ಟ್ರಿಪ್‌ಗಳ ಮೇಲಿನ ಚೀಟಿಯಲ್ಲಿದ್ದ ನನ್ನ ಹೆಸರನ್ನು ಒಂದಕ್ಷರ ಬಿಡದೆ ಕೆರೆದು ಹಾಕಿದೆ. ಬ್ಯಾಗಿನ ತಳಕ್ಕೆ ಅವು, ಮೇಲೆ ಸಿರಪ್, ಕಿವಿಗೆ ಹಾಕುವ ಹನಿ, ಒಣಗಿದ ಮುಲಾಮು.

ಔಷಧಿ ಅಂಗಡಿಯಾತ ನನ್ನ ಹಳೆಯ ಶಿಷ್ಯ. ಮೂರು ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾದವನು, ಆದರೆ ಬಲು ಒಳ್ಳೆಯವನು. ಅಂಥವರಿಂದಲೇ ಅಪಾಯ. ಆತ ಒಂದೊಂದನ್ನೇ ತೆಗೆದು ನೋಡುತ್ತ ತಳ ಮುಟ್ಟಿದ.

"ಸಾರ್, ಇಪ್ಪತ್ತೊಂದು ಸ್ಟ್ರಿಪ್ ಇದೆ, ಒಂದು ಮಾತ್ರೆನೂ ಕಿತ್ತಿಲ್ಲ. ಡೇಟ್ ಇನ್ನೂ ಒಂದು ವರ್ಷ ಇದೆ. ಯಾರದು ಇದು?"

"ನಮ್ಮ... ಚಿಕ್ಕಪ್ಪನದು."

"ಮತ್ತೆ ಅವರಿಗೆ ಬೇಡ್ವಾ?"

"ಇನ್ನು ಬೇಡ."

ಆತನ ಮುಖ ಬಾಡಿತು. "ಛೆ. ಯಾವಾಗ ಹೋದ್ರು?"

ಚಿಕ್ಕಪ್ಪನನ್ನು ಕೊಲ್ಲುವ ಉದ್ದೇಶ ನನಗಿರಲಿಲ್ಲ. ಆದರೆ ನನ್ನ ಹಿಂದೆ ನಾಲ್ಕು ಜನ ಕಿವಿ ನಿಮಿರಿಸಿಕೊಂಡು ನಿಂತಿದ್ದರು. "ಮೊನ್ನೆ" ಎಂದೆ. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ನನ್ನ ಬೆನ್ನು ಸವರಿದರು. ಮಾತ್ರೆಗಳು ಪೆಟ್ಟಿಗೆಯೊಳಗೆ ಬಿದ್ದವು. ಶಿಳ್ಳೆ ಹಾಕುತ್ತ ಮನೆಗೆ ಬಂದೆ.

ಎರಡು ದಿನ ಬಿಟ್ಟು ಹೆಂಡತಿ ಆ ತಿಂಗಳ ಮಾತ್ರೆ ತರಲು, ಕ್ಲಿನಿಕ್ಕಿನಲ್ಲಿ ಮುಗಿದಿದೆಯೆಂದು, ನನ್ನ ಶಿಷ್ಯನ ಅಂಗಡಿಗೇ ಹೋದಳು. ಬಂದವಳು ಚಪ್ಪಲಿ ಬಿಟ್ಟು, ಬ್ಯಾಗು ಕೆಳಗಿಟ್ಟು, ನನ್ನೆದುರು ಕುರ್ಚಿ ಎಳೆದುಕೊಂಡು ಕೂತಳು.

"ಅಂಗಡಿಯವರು ಎದ್ದು ನಿಂತು ನಂಗೆ ಸಮಾಧಾನ ಹೇಳಿದ್ರು ರೀ. ನಿಮ್ಮ ಚಿಕ್ಕಪ್ಪ ತೀರಿಕೊಂಡ್ರಂತೆ." ಅದೇ ಬೆಣ್ಣೆ ದನಿ.

"ಹೂಂ, ದೂರದ ಚಿಕ್ಕಪ್ಪ."

"ಮಾವನವರು ಒಬ್ಬರೇ ಮಗ ಅಲ್ವಾ?"

"ಅದಕ್ಕೇ ಹೇಳಿದ್ದು, ತುಂಬಾ ದೂರದವರು."

"ಪಾಪ, ಒಂದಾದ್ರೂ ಮಾತ್ರೆ ನುಂಗಿದ್ರೆ ಇನ್ನೂ ಬದುಕಿರೋರು ಅಂದ್ರು. ಆಮೇಲೆ ಕೇಳಿದ್ರು, ಅವರು ನಿಮ್ಮ ಲೈಬ್ರರಿ ಮೆಂಬರಾ ಮೇಡಂ ಅಂತ. ಎಲ್ಲ ಸ್ಟ್ರಿಪ್ ಹಿಂದೆನೂ ನಮ್ಮ ಲೈಬ್ರರಿ ತಾರೀಖಿನ ಸೀಲ್ ಇತ್ತಂತೆ."

ಸೀಲು! ಲೈಬ್ರರಿಯವರು ಬಿಸಾಕಿದ ಹಳೇ ಸೀಲೊಂದನ್ನು ಮನೆಯಲ್ಲಿಟ್ಟುಕೊಂಡು, ಒಳಗೆ ಬಂದ ಹಿಟ್ಟಿನ ಚೀಲಕ್ಕೂ ಬಲ್ಬಿನ ಡಬ್ಬಕ್ಕೂ ತಂದ ದಿನದ ತಾರೀಖು ಒತ್ತುವುದು ಅವಳ ಚಟ. ನಾನು ಒಂದು ಗಂಟೆ ಕೂತು ಮುಂಭಾಗ ಕೆರೆದೆನೇ ಹೊರತು ಒಂದನ್ನೂ ತಿರುಗಿಸಿ ನೋಡಿರಲಿಲ್ಲ.

ಗುಡುಗು ಸಿಡಿಲಿಗೆ ತಲೆ ತಗ್ಗಿಸಿ ಕಾದೆ. ಬರಲಿಲ್ಲ. ಕಣ್ಣೆತ್ತಿದರೆ ಅವಳ ಕಣ್ಣು ತುಂಬಿತ್ತು. "ಆರು ತಿಂಗಳಿಂದ ಲೈಬ್ರರೀಲಿ ಫೋನ್ ರಿಂಗಾದ್ರೆ ಸಾಕು, ನಿಮಗೇನಾಯ್ತೋ ಅಂತ ಬೆಚ್ಚಿ ಬೀಳ್ತಿದ್ದೆ" ಎಂದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಎಷ್ಟು ಹಗುರವಾಗಿ ಮೆರೆದಿದ್ದೆನೋ ಅಷ್ಟೂ ಭಾರವನ್ನು ಅವಳು ಹೊತ್ತಿದ್ದಳು.

"ತಪ್ಪಾಯ್ತು ಕಣೇ. ಬೈದುಬಿಡು" ಎಂದೆ.

"ಈಗ ಬೈಯೋ ಹಾಗಿಲ್ಲ. ಬಿಪಿ ಏರುತ್ತೆ." ಕಣ್ಣೊರೆಸಿಕೊಂಡು ಬ್ಯಾಗಿನಿಂದ ಮಾತ್ರೆ ತೆಗೆದಳು. "ಅಂಗಡಿಯಿಂದಲೇ ಡಾಕ್ಟ್ರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಮೊದಲಿನ ಕಮ್ಮಿ ಡೋಸಿನಿಂದಲೇ ಶುರು ಮಾಡಿ ಅಂದ್ರು. ನುಂಗಿ. ಬಾಯಿ ತೆಗೀರಿ. ನಾಲಿಗೆ ಎತ್ತಿ. ಹಾಂ. ಸರಿಯಾಗಿ ತಗೊಂಡ್ರೆ ನಾಲ್ಕು ವಾರಕ್ಕೆ ಹತೋಟಿಗೆ ಬರುತ್ತಂತೆ. ಬಂದ ಮೇಲೆ ಕೂತು ಮಾತಾಡೋಣ."

"ಏನು ಮಾತಾಡೋದು?"

"ಆರು ತಿಂಗಳದ್ದು."

ಅಲ್ಲಿಂದ ನಾಲ್ಕು ವಾರ ಅವಳು ಒಂದೇ ಒಂದು ಬಿರುಸು ಮಾತಾಡಲಿಲ್ಲ. ಟವೆಲನ್ನು ನಾನೇ ಒಣಹಾಕಿದೆ, ಹೇಳದೆಯೇ ಪಾತ್ರೆ ತೊಳೆದೆ, ಬರಲಿರುವ ಹುಟ್ಟುಹಬ್ಬಕ್ಕೆ ಹತ್ತು ತಿಂಗಳು ಮೊದಲೇ ಸೀರೆ ತಂದೆ. ಅವಳು ಎಲ್ಲಕ್ಕೂ ನಸುನಕ್ಕು, ದಿನಾ ಬೆಳಿಗ್ಗೆ ನನ್ನ ನಾಲಿಗೆಯ ಅಡಿಯನ್ನು ಮಾತ್ರ ಪರೀಕ್ಷಿಸಿದಳು. ಈ ಹಾಳು ಮಾತ್ರೆ ಕೆಲಸ ಮಾಡದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ನುಂಗಿದ ರೋಗಿ ನಾನೊಬ್ಬನೇ ಇರಬೇಕು.

ನಿನ್ನೆ ಡಾಕ್ಟರು ತೋಳಿನ ಪಟ್ಟಿ ಬಿಚ್ಚಿ ನನ್ನ ಬೆನ್ನು ತಟ್ಟಿದರು. "ಭೇಷ್! ಪೂರ್ತಿ ನಾರ್ಮಲ್" ಎಂದು, ಹೆಂಡತಿಯ ಕಡೆ ತಿರುಗಿ, "ಇನ್ನು ಮನೇಲಿ ಯಾವ ಕಟ್ಟುನಿಟ್ಟೂ ಬೇಡಮ್ಮ, ಮಾತ್ರೆ ಒಂದು ತಪ್ಪದಿದ್ರೆ ಸಾಕು" ಎಂದರು.

ಪಕ್ಕದ ಕುರ್ಚಿಯಲ್ಲಿ ಅವಳು ಗಂಟಲು ಸರಿಮಾಡಿಕೊಂಡಳು.